ತಿಂಡಿಗೂ ಒಂದು ಹೊತ್ತಿತ್ತು

ಎರಡು ವರ್ಷದ ಹಿಂದೆ ಒಂದು ವಾರ ಪೂರ್ತಿ, ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದಿಟ್ಟೆ. ದಿನಸಿ ಚೀಟಿ ಬರೆಯುವ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ. ಆರು ವರ್ಷದಲ್ಲಿ ಒಂಬತ್ತು ಕೆಜಿ ಏರಿದ್ದೆ. ಊಟ ಜಾಸ್ತಿ ಆಗಿಲ್ಲ ಅನ್ನೋದು ಮಾತ್ರ ನನಗೆ ಖಂಡಿತ ಗೊತ್ತಿತ್ತು. ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಡಬ್ಬಿಯ ಅನ್ನ-ಸಾರು-ಪಲ್ಯ, ರಾತ್ರಿ ಒಂದು ಮುದ್ದೆ. ಹತ್ತು ವರ್ಷದಿಂದ ಇದೇ. ಹಾಗಾದರೆ ತೂಕ ಎಲ್ಲಿಂದ ಬಂತು?

ಮಂಗಳವಾರದ ಪುಟ ಹೀಗಿತ್ತು. ಎದ್ದ ಕೂಡಲೇ ಕಾಫಿ, ಜೊತೆಗೆ ಎರಡು ಮಾರಿ ಬಿಸ್ಕತ್ತು. ಹನ್ನೊಂದಕ್ಕೆ ಆಫೀಸಿನಲ್ಲಿ ಟೀ. ಯಾರದೋ ಹುಟ್ಟುಹಬ್ಬ, ಒಂದು ತುಂಡು ಕೇಕು. ನಾಲ್ಕಕ್ಕೆ ಮತ್ತೆ ಟೀ, ಕೆಳಗಿನ ಬೇಕರಿಯ ಖಾರಾ ಬನ್. ಐದೂವರೆಗೆ ಪಕ್ಕದ ಸೀಟಿನವರು ಡ್ರಾಯರಿನಿಂದ ತೆಗೆದು ಕೊಟ್ಟ ಕಾಂಗ್ರೆಸ್ ಕಡಲೆಕಾಯಿ, ಎರಡು ಹಿಡಿ. ಮನೆಗೆ ಬಂದು ಕಾಫಿ. ಒಲೆ ಮುಂದೆ ನಿಂತೇ ಡಬ್ಬಿಯಿಂದ ಒಂದು ಹಿಡಿ ಮಿಕ್ಸ್ಚರ್. ರಾತ್ರಿ ಟಿವಿ ಮುಂದೆ ಮಗ ಅರ್ಧಕ್ಕೆ ಬಿಟ್ಟ ಚಿಪ್ಸ್ ಪ್ಯಾಕೆಟ್.

ಪ್ರತಿಯೊಂದರ ಮುಂದೆಯೂ ಯಾಕೆ ತಿಂದೆ ಅಂತ ಒಂದು ಪದ ಬರೆಯಬೇಕು ಅಂದುಕೊಂಡಿದ್ದೆ. ಖಾರಾ ಬನ್ ಮುಂದೆ 'ಹಸಿವು' ಅಂತಿತ್ತು. ನಾಲ್ಕು ಲೋಟ ಕಾಫಿ-ಟೀ ಮುಂದೆ 'ಅಭ್ಯಾಸ'. ಉಳಿದ ಐದರ ಮುಂದೆಯೂ ಒಂದೇ ಪದ: 'ಸುಮ್ನೆ'.

ಈ 'ಸುಮ್ನೆ'ಯ ಬಗ್ಗೆಯೇ ಇಲ್ಲಿ ಬರೆಯಬೇಕು ಅಂತಿದ್ದೇನೆ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ, ಬಾಯಾಡಿಸೋದು. ಉಣ್ಣುವುದು ಬೇರೆ, ತಿನ್ನುವುದು ಬೇರೆ, ಬಾಯಾಡಿಸುವುದು ಬೇರೆ. ಉಂಡದ್ದು ನೆನಪಿರುತ್ತದೆ, ತಿಂಡಿ ತಿಂದದ್ದೂ ನೆನಪಿರುತ್ತದೆ. ಬಾಯಾಡಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಡಾಕ್ಟರ್ ಕೇಳಿದಾಗಲೂ ಅದು ಬಾಯಿಗೆ ಬರುವುದಿಲ್ಲ. ನಾನೂ ಮೂರು ಸಲ ಹೋದಾಗಲೂ ದೋಸೆ, ಅನ್ನ, ಮುದ್ದೆ ಲೆಕ್ಕ ಕೊಟ್ಟು ಬಂದಿದ್ದೆ. ಸುಳ್ಳು ಹೇಳಿದ್ದಲ್ಲ. ನನ್ನ ತಲೆಯಲ್ಲಿ ಅಷ್ಟೇ ಇತ್ತು.

ಇದು ನನ್ನೊಬ್ಬಳ ಮನೆಯ ಕತೆ ಅಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ 23.3ರಷ್ಟು, ಗಂಡಸರಲ್ಲಿ ಶೇ 22.1ರಷ್ಟು ಮಂದಿಗೆ ತೂಕ ಜಾಸ್ತಿ ಇತ್ತು. 2019-21ರ ಸಮೀಕ್ಷೆಗೆ ಬರುವಷ್ಟರಲ್ಲಿ ಅದು ಶೇ 30.1 ಮತ್ತು ಶೇ 30.9 ಆಯಿತು. ಇಷ್ಟು ಕಡಿಮೆ ಅವಧಿಯಲ್ಲಿ ಯಾರ ವಂಶವಾಹಿಯೂ ಬದಲಾಗುವುದಿಲ್ಲ. ಬದಲಾದದ್ದು ದಿನಚರಿ. ಅದರಲ್ಲಿ ತಿಂಡಿ ಒಂದು ಪಾಲು ಅಷ್ಟೇ, ಇದನ್ನೂ ಹೇಳಿಬಿಡಬೇಕು. ಕೂತು ಮಾಡುವ ಕೆಲಸ, ಎರಡು ಗಂಟೆಯ ಟ್ರಾಫಿಕ್ಕು, ಕಡಿಮೆಯಾದ ನಿದ್ದೆ, ನಡೆಯಲು ಜಾಗ ಇಲ್ಲದ ಫುಟ್‌ಪಾತು ಎಲ್ಲವೂ ಸೇರಿವೆ. ಆದರೆ ತಿಂಡಿಯ ಪಾಲು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಅದನ್ನು ಹಿಡಿದು ನೋಡಬೇಕು.

ತೂಕ ಅಂದರೆ ನಮ್ಮವರ ಮಟ್ಟಿಗೆ ಇನ್ನೊಂದು ವಿಷಯ ಇದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೊ ಬಂತು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರೂ ಸಣಕಲು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ನಮ್ಮಲ್ಲಿ ಬಹಳ ಜನ ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಒಳಗೆ, ಲಿವರ್ ಸುತ್ತ ಕೊಬ್ಬು ಕೂತಿರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಲೆಕ್ಕ ಹಾಕುವುದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. 'ಅವನು ಎಷ್ಟು ತಿಂದರೂ ಮೈಗೆ ಹತ್ತಲ್ಲ' ಅಂತ ಖುಷಿಪಡುವ ಮನೆಯವರು ಒಂದು ಸಲ ಟೇಪು ಹಿಡಿದು ನೋಡುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ 10.1 ಕೋಟಿ ಭಾರತೀಯರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಹಾಗಾದರೆ ಸ್ವಲ್ಪ ಸ್ವಲ್ಪ ತಿಂದದ್ದು ಕೆಜಿಗಟ್ಟಲೆ ಆಗುವುದು ಹೇಗೆ?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ದಿನಕ್ಕೆ 24 ಕ್ಯಾಲೊರಿ ಜಾಸ್ತಿ ತಿನ್ನುವುದು ಖಾಯಂ ಆದರೆ ತೂಕ ಕಡೆಗೆ 1 ಕೆಜಿ ಏರಿ ನಿಲ್ಲುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷವೇ ಬರುತ್ತದೆ, ಬಹುಪಾಲು ಮೂರು ವರ್ಷದೊಳಗೆ. 24 ಕ್ಯಾಲೊರಿ ಅಂದರೆ ಒಂದು ಚಮಚಕ್ಕಿಂತ ಚೂರು ಜಾಸ್ತಿ ಸಕ್ಕರೆ. ಒಂದು ಹಿಡಿ ಮಿಕ್ಸ್ಚರ್ ಹೆಚ್ಚುಕಡಿಮೆ 150 ಕ್ಯಾಲೊರಿ. ಅದೊಂದನ್ನೇ ದಿನಾ ತಪ್ಪದೆ ತಿಂದು, ಬೇರೆ ಏನೂ ಬದಲಾಗದಿದ್ದರೆ, ಈ ಲೆಕ್ಕದಲ್ಲಿ ಆರು ಕೆಜಿ. ಒಲೆ ಮುಂದೆ ನಿಂತೇ ತಿಂದ ಒಂದು ಹಿಡಿಗೆ.

ಕರಿದ ಕುರುಕಲು ಅಷ್ಟು ಬೇಗ ಲೆಕ್ಕ ತಪ್ಪಿಸುವುದಕ್ಕೆ ಕಾರಣ ಎಣ್ಣೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಯಾವುದೇ ಆಗಲಿ, ನೂರು ಗ್ರಾಂಗೆ 500 ಕ್ಯಾಲೊರಿ ಆಸುಪಾಸು ಇರುತ್ತದೆ. ನೀರಿನ ಅಂಶ ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿತು ಅಂತ ಗೊತ್ತಾಗುವುದು ಬಹುಮಟ್ಟಿಗೆ ಅದು ಎಷ್ಟು ಹಿಗ್ಗಿತು ಅನ್ನುವುದರ ಮೇಲೆ. ಅದಕ್ಕೇ ದಾವಣಗೆರೆಯ ಮಂಡಕ್ಕಿ ಬೇರೆ, ಅದರ ಪಕ್ಕದಲ್ಲಿಡುವ ಮೆಣಸಿನಕಾಯಿ ಬೇರೆ. ಒಂದು ಬಟ್ಟಲು ಮಂಡಕ್ಕಿ ತೂಗಿದರೆ 15-20 ಗ್ರಾಂ ಬರಬಹುದು, 60-80 ಕ್ಯಾಲೊರಿ. ಈರುಳ್ಳಿ, ಟೊಮೆಟೊ, ಹುರಿಗಡಲೆ ಹಿಟ್ಟು ಸೇರಿದರೂ ಅದು ಹಗುರ ತಿಂಡಿಯೇ. ಎಣ್ಣೆ ಕುಡಿದ ಮೂರು ಮೆಣಸಿನಕಾಯಿ ಬಜ್ಜಿ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಹುಬ್ಬಳ್ಳಿ ಕಡೆಯ ಗಿರ್ಮಿಟ್ಟಿಗೂ ಇದೇ ಮಾತು.

ತಿನ್ನುವ ವೇಗವೂ ಮುಖ್ಯ. ಅದೇ ಕೆವಿನ್ ಹಾಲ್ 2019ರಲ್ಲಿ ಮಾಡಿದ ಪ್ರಯೋಗ ಈ ವಿಷಯದಲ್ಲಿ ನನಗೆ ಕಂಡ ಅತ್ಯಂತ ಗಟ್ಟಿ ಕೆಲಸ. ಇಪ್ಪತ್ತು ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಸಿದ್ಧ ಆಹಾರ, ಎರಡು ವಾರ ಅಡುಗೆಮನೆಯಲ್ಲಿ ಮಾಡುವಂಥ ಸಾದಾ ಆಹಾರ. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂತ ಬಿಟ್ಟರು. ಸಿದ್ಧ ಆಹಾರದ ಎರಡು ವಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, 0.9 ಕೆಜಿ ಏರಿದರು. ಸಾದಾ ಆಹಾರದ ಎರಡು ವಾರದಲ್ಲಿ ಅಷ್ಟೇ ಇಳಿದರು. ಸಿದ್ಧ ಆಹಾರವನ್ನು ಅವರು ಬೇಗ ಬೇಗ ತಿಂದು ಮುಗಿಸುತ್ತಿದ್ದರು. ಅಗಿಯುವ ಕೆಲಸವೇ ಕಡಿಮೆ. ಸಾಕು ಅನ್ನುವ ಸುದ್ದಿ ಹೊಟ್ಟೆಯಿಂದ ತಲೆಗೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬೇಯಿಸಿದ ಕಡಲೆಕಾಯಿ ಸುಲಿದು ತಿಂದವರಿಗೆ ಇದರ ತಿರುವುಮುರುವು ಗೊತ್ತಿರುತ್ತದೆ. ಒಂದೊಂದೇ ಒಡೆಯಬೇಕು, ಸಿಪ್ಪೆ ಪಕ್ಕಕ್ಕೆ ಹಾಕಬೇಕು. ಕಾಲ ಬುಡದಲ್ಲಿ ಸಿಪ್ಪೆಯ ರಾಶಿ ಬೆಳೆಯುತ್ತಾ ಹೋಗುತ್ತದೆ, ಎಷ್ಟು ತಿಂದೆ ಅನ್ನೋದು ಕಣ್ಣೆದುರಿಗೇ ಇರುತ್ತದೆ. ಅದೇ ಕಡಲೆಬೀಜ ಸುಲಿದು, ಹುರಿದು, ಮಸಾಲೆ ಹಾಕಿ ಕವರಿನಲ್ಲಿ ಬಂದರೆ ಎರಡು ಹಿಡಿ ಹೋದದ್ದೇ ಗೊತ್ತಾಗುವುದಿಲ್ಲ. ಕಾಳು ಒಂದೇ, ಸಿಪ್ಪೆ ಇಲ್ಲ ಅಷ್ಟೇ.

ಇನ್ನು ಸಿಹಿ. 'ಸಿಹಿಗೆ ಬೇರೆ ಹೊಟ್ಟೆ' ಅಂತ ಮದುವೆ ಮನೆಯಲ್ಲಿ ಬಡಿಸುವವರು ಹೇಳುತ್ತಾರಲ್ಲ, ಅದರಲ್ಲಿ ನಿಜ ಇದೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ನಾಲಿಗೆಗೆ ಅದು ಸಾಕಾಗುತ್ತದೆ. ಬೇರೆ ರುಚಿ ಬಂದ ಕೂಡಲೇ ಆಸೆ ಮತ್ತೆ ಚಿಗುರುತ್ತದೆ. ಚಿರೋಟಿಯಾದ ಮೇಲೂ ಒಂದು ಬಾಳೆಕಾಯಿ ಬಜ್ಜಿ ಬೇಕೆನಿಸುವುದು ಇದಕ್ಕೇ. ಸಂಜೆಯ ತಟ್ಟೆಯಲ್ಲಿ ಒಂದು ಸಿಹಿ, ಒಂದು ಖಾರ ಇಡುವ ನಮ್ಮ ಪದ್ಧತಿ ನೋಡಲು ಚೆಂದ. ಅದು ಅತಿಥಿಗೆ ಇಡುವ ತಟ್ಟೆ. ದಿನಾ ನಮಗೆ ನಾವೇ ಇಟ್ಟುಕೊಂಡರೆ ಖಾರ ಸಿಹಿಯನ್ನು ಕರೆಯುತ್ತದೆ, ಸಿಹಿ ಖಾರವನ್ನು ಕರೆಯುತ್ತದೆ.

ಸಿಹಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಕುಡಿಯುವ ಸಿಹಿ. ದ್ರವದಲ್ಲಿ ಒಳಗೆ ಹೋದ ಕ್ಯಾಲೊರಿಗೆ ಹೊಟ್ಟೆ ತುಂಬಿದ ಭಾವ ಸರಿಯಾಗಿ ಬರುವುದಿಲ್ಲ. ಅದಾದ ಮೇಲೆ ಊಟವೂ ಅಷ್ಟಾಗಿ ಕಡಿಮೆ ಆಗುವುದಿಲ್ಲ. ನನ್ನ ಮಂಗಳವಾರವನ್ನೇ ನೋಡಿ. ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ. ಎಂಟು ಚಮಚ ಅಂದರೆ 40 ಗ್ರಾಂ ಸಕ್ಕರೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದಿನಕ್ಕೆ ಇಪ್ಪತ್ತೈದು ಗ್ರಾಂ ಒಳಗೆ ಇರಲಿ ಅಂತಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಸುಮಾರು 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂದಿತ್ತು. ಮೈಸೂರ್ ಪಾಕ್ ಮುಟ್ಟದೆ, ಹೋಳಿಗೆ ಮುಟ್ಟದೆ, ಬರೀ ಕಾಫಿ-ಟೀಯಲ್ಲೇ ನಾನು ಗೆರೆ ದಾಟಿದ್ದೆ.

ಇಲ್ಲಿ ನನ್ನ ಮಗನ ವಿಷಯ ಹೇಳಬೇಕು. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆ ಫಲಕ ಹಾಕಿ ಅಂತ ಸುತ್ತೋಲೆ ಕಳಿಸಿತು. ಯಾವ ಪಾನೀಯದಲ್ಲಿ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳಿಗೆ ಕಾಣುವ ಹಾಗೆ ಬರೆಯಬೇಕು. ಮಗನ ಶಾಲೆಯಲ್ಲೂ ಹಾಕಿದರು. ಅವನು ಒಂದು ದಿನ ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿ, ಸ್ಟೀಲ್ ಲೋಟ ತೆಗೆದು, ಎಣಿಸಿ ಎಣಿಸಿ ಸಕ್ಕರೆ ಹಾಕತೊಡಗಿದ. ಒಂದು, ಎರಡು, ಮೂರು. ಐದು ಚಮಚ ಆದ ಮೇಲೆ ನಿಲ್ಲಿಸಿ, "ಅಮ್ಮಾ, ಇಷ್ಟು ನೋಡು. ಕಾಲು ಲೀಟರ್ ಕೋಲಾದಲ್ಲಿ ಇಷ್ಟಿರುತ್ತಂತೆ" ಅಂದ. ಲೋಟದ ತಳ ಪೂರ್ತಿ ಮುಚ್ಚಿತ್ತು. ನೀರು ಬೆರೆಸಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದ. "ಅಯ್ಯೋ, ಪಾನಕಕ್ಕಿಂತ ಸಿಹಿ. ಕುಡಿಯಕ್ಕೇ ಆಗಲ್ಲ." ಕೋಲಾದಲ್ಲಿ ಅಷ್ಟೇ ಸಿಹಿ ಸಲೀಸಾಗಿ ಇಳಿಯುತ್ತದೆ. ಐಸಿನ ತಣ್ಣಗೆ ಮತ್ತು ಹುಳಿ ಎರಡೂ ಸೇರಿ ಸಿಹಿಯನ್ನು ಮರೆಮಾಡುತ್ತವೆ. ಆ ಲೋಟ ಸಂಜೆಯವರೆಗೂ ಕಟ್ಟೆಯ ಮೇಲೆ ಹಾಗೇ ಇತ್ತು. ಒಂದು ಫಲಕದಿಂದ ಏನಾಗುತ್ತೆ ಅನ್ನುವವರಿಗೆ ನಾನು ಈ ಲೋಟದ ಕತೆ ಹೇಳುತ್ತೇನೆ.

ಈಗ ಹೊತ್ತಿನ ಮಾತಿಗೆ ಬರುತ್ತೇನೆ. ಒಪ್ಪೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ, ನಾಕೊತ್ತು ಉಂಡವನ ಹೊತ್ಕೊಂಡು ಹೋಗಿ ಅಂತ ಗಾದೆ ಇದೆಯಲ್ಲ. ಗಾದೆಯನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಎಷ್ಟು ಸಲ ತಿಂದರು ಅನ್ನುವುದರಿಂದಲೇ ತೂಕ ಏರುತ್ತದೆ ಅಂತ ವಿಜ್ಞಾನ ಹೇಳುವುದಿಲ್ಲ. ಹಾಗೆಯೇ 'ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ತಿಂದರೆ ಕೊಬ್ಬು ಬೇಗ ಕರಗುತ್ತೆ' ಅನ್ನುವ ಜಿಮ್ ಮಾತಿಗೂ ಆಧಾರ ಇಲ್ಲ. ಜೀರ್ಣಕ್ಕೆ ಖರ್ಚಾಗುವ ಶಕ್ತಿ ಒಟ್ಟು ಎಷ್ಟು, ಏನು ತಿಂದಿರಿ ಅನ್ನುವುದರ ಮೇಲೆ ನಿಂತಿದೆ, ಎಷ್ಟು ಕಂತಿನಲ್ಲಿ ಅನ್ನುವುದರ ಮೇಲಲ್ಲ. ಗಾದೆಯಲ್ಲಿ ನನಗೆ ಮುಖ್ಯ ಅನಿಸುವುದು 'ಹೊತ್ತು' ಅನ್ನುವ ಪದ. ನಾಲ್ಕು ಹೊತ್ತು ಉಣ್ಣುವವನಿಗೂ ನಾಲ್ಕು ಹೊತ್ತು ಅಂತ ಇತ್ತು. ನನ್ನ ಮಂಗಳವಾರಕ್ಕೆ ಹೊತ್ತೇ ಇರಲಿಲ್ಲ.

ಹಿಂದೆ ತಿಂಡಿಗೆ ಎರಡು ಬೇಲಿ ಇದ್ದವು. ಒಂದು ಗಡಿಯಾರ, ಇನ್ನೊಂದು ಪಂಚಾಂಗ. ನಾಲ್ಕು ಗಂಟೆಯ ಕಾಫಿ-ತಿಂಡಿ ನಾಲ್ಕು ಗಂಟೆಗೆ. ಚಕ್ಕುಲಿ ಗೋಕುಲಾಷ್ಟಮಿಗೆ, ಕಡುಬು ಗೌರಿ-ಗಣೇಶಕ್ಕೆ, ಎಳ್ಳು-ಬೆಲ್ಲ ಸಂಕ್ರಾಂತಿಗೆ, ಹೋಳಿಗೆ ಯುಗಾದಿಗೆ. ಎಳ್ಳು-ಬೆಲ್ಲದಲ್ಲಿ ಏನಿದೆ ನೋಡಿ: ಎಳ್ಳು, ಕಡಲೆಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ. ಒಂದೊಂದೂ ಕ್ಯಾಲೊರಿಯ ಗಂಟು. ಆದರೆ ಅಂಗೈಗೆ ಒಂದು ಚಮಚ ಬೀಳುತ್ತಿತ್ತು, ಅದೂ ವರ್ಷಕ್ಕೊಂದು ವಾರ. ಅದರಿಂದ ಯಾರೂ ದಪ್ಪ ಆಗಲಿಲ್ಲ.

ಮೂರನೆಯ ಬೇಲಿ ಒಂದಿತ್ತು, ಅದು ರಟ್ಟೆಯ ಶ್ರಮ. ಅಮ್ಮ ಗೋಕುಲಾಷ್ಟಮಿಗೆ ಚಕ್ಕುಲಿ ಮಾಡಬೇಕಾದರೆ ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಉದ್ದು ಹುರಿದು, ಮಿಲ್ಲಿಗೆ ಕಳಿಸಿ, ಜರಡಿ ಹಿಡಿದು, ಬಿಸಿ ಬೆಣ್ಣೆ ಹಾಕಿ ಕಲಸಿ, ಒರಳಿನಲ್ಲಿ ಒತ್ತಬೇಕಿತ್ತು. ಮೂರು ದಿನದ ಕೆಲಸ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಸುಮ್ನೆ ಬಾಯಾಡಿಸಲು ಯಾರು ಬಿಡುತ್ತಾರೆ? ಡಬ್ಬಿ ಅಟ್ಟದ ಮೇಲೆ ಹೋಗುತ್ತಿತ್ತು. ಆ ಶ್ರಮವೆಲ್ಲ ಹೆಂಗಸರ ಮೇಲೇ ಬೀಳುತ್ತಿತ್ತು, ಹಾಗಾಗಿ ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳಲಾರೆ. ಅಂಗಡಿಯಲ್ಲಿ ಚಕ್ಕುಲಿ ಸಿಗುವುದು ನನಗೆ ನೆಮ್ಮದಿಯ ವಿಷಯವೇ. ಆದರೆ ಶ್ರಮ ಹೋದಾಗ ಅದರ ಜೊತೆಗಿದ್ದ ಮಿತಿಯೂ ಹೋಯಿತು, ಆ ಜಾಗಕ್ಕೆ ಬೇರೆ ಮಿತಿ ಬರಲಿಲ್ಲ.

ಊರಿನ ಹೋಟೆಲುಗಳಿಗೂ ಒಂದು ಮಿತಿ ಇತ್ತು. ಬೆಂಗಳೂರಿನ 'ಬೈ ಟೂ ಕಾಫಿ' ನೆನಪಿಸಿಕೊಳ್ಳಿ. ಒಂದು ಕಾಫಿ, ಎರಡು ಲೋಟ, ಇಬ್ಬರು, ಅರ್ಧ ಗಂಟೆ ಮಾತು. ದುಡ್ಡು ಉಳಿಸಲು ಬಂದ ಪದ್ಧತಿ ಇರಬಹುದು, ಸಕ್ಕರೆಯೂ ಅರ್ಧ ಆಗುತ್ತಿತ್ತು. ಅಯ್ಯಂಗಾರ್ ಬೇಕರಿಯಲ್ಲೂ ಹಾಗೆ. ದಿಲ್‌ಪಸಂದ್ ಒಂದು ಹೋಳು ಕೊಡಿ ಅಂದರೆ ಒಂದು ಹೋಳನ್ನೇ ಕಾಗದದ ಮೇಲಿಟ್ಟು ಕೊಡುತ್ತಿದ್ದರು. ತಿಂದು, ಕೈ ಒರೆಸಿಕೊಂಡು ಹೊರಟರೆ ಮುಗಿಯಿತು. ಇವತ್ತು ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಐಸ್‌ಕ್ರೀಮು ಬರುತ್ತದೆ, ಅದೂ ರಾತ್ರಿ ಹನ್ನೊಂದಕ್ಕೆ. ನಿದ್ದೆ ಕಡಿಮೆಯಾದಷ್ಟೂ ಹಸಿವು ಜಾಸ್ತಿ ಆಗುತ್ತದೆ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೇ ಆಸೆ ಹೋಗುತ್ತದೆ. ರಾತ್ರಿ ಪಾಳಿಯವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಐದು ರೂಪಾಯಿ ಪ್ಯಾಕೆಟ್ಟಿನ ಮುಂದೆ ಮಾತ್ರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಯಾವ ಹಳ್ಳಿಗೆ ಹೋದರೂ ಗೂಡಂಗಡಿಯ ಮುಂದೆ ತೋರಣದ ಹಾಗೆ ನೇತು ಹಾಕಿರುತ್ತಾರೆ. ಕೂಲಿಗೆ ಹೊರಟ ತಾಯಿ ಅಳುವ ಮಗುವಿನ ಕೈಗೆ ಒಂದು ಹರಿದು ಕೊಡುತ್ತಾಳೆ. ಅವಳನ್ನು ನಾನು ಬೈಯಲಾರೆ. ಬಾಳೆಹಣ್ಣಿಗಿಂತ ಅದು ಸುಲಭಕ್ಕೆ ಸಿಗುತ್ತದೆ, ಕೆಡುವುದಿಲ್ಲ, ಮಗು ಸುಮ್ಮನಾಗುತ್ತದೆ. ಆದರೆ ಅದೇ 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅಂಥ ಮಗುವಿನ ಪುಟ್ಟ ಹೊಟ್ಟೆಯಲ್ಲಿ ಪ್ಯಾಕೆಟ್ ಜಾಗ ಹಿಡಿದರೆ ಬೇಳೆಗೆ, ಮೊಟ್ಟೆಗೆ ಜಾಗ ಎಲ್ಲಿ? ಶ್ರೀಮಂತರ ಮನೆಯಲ್ಲಿ ಬೊಜ್ಜು ತರುವ ಪ್ಯಾಕೆಟ್ಟೇ ಬಡವರ ಮನೆಯಲ್ಲಿ ಊಟ ಕದಿಯುತ್ತದೆ. ಈ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಇಲ್ಲೇ.

ಕೆಲವು ತಪ್ಪು ನಂಬಿಕೆಗಳನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಮಾರಿ ಬಿಸ್ಕತ್ತು ಹಗುರ, ಕಾಯಿಲೆಯವರಿಗೂ ಕೊಡಬಹುದು ಅಂತ ಆಸ್ಪತ್ರೆಗೆ ನೋಡಲು ಹೋಗುವಾಗ ಒಯ್ಯುತ್ತೇವೆ. ಅದರಲ್ಲಿ ಬಹುಪಾಲು ಮೈದಾ, ನೂರು ಗ್ರಾಂಗೆ 20 ಗ್ರಾಂ ಆಸುಪಾಸು ಸಕ್ಕರೆ. ಕ್ರೀಮ್ ಬಿಸ್ಕತ್ತಿನಲ್ಲಿ ಅದು 35 ಗ್ರಾಂ ಹತ್ತಿರ ಹೋಗುತ್ತದೆ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬೆಲ್ಲದ ರುಚಿ ಬೇರೆ, ಚೂರು ಖನಿಜಾಂಶ ಇದೆ, ಅಷ್ಟೇ. ಬೆಲ್ಲದ ಕಾಫಿ ಅಂತ ಎರಡು ಲೋಟ ಜಾಸ್ತಿ ಕುಡಿದರೆ ಲಾಭ ಏನು ಬಂತು?

ಹಾಗಂತ ಮನೆಯಲ್ಲಿ ಸಿಹಿ ಬಂದ್ ಮಾಡಿದರೆ ಆಗುತ್ತಾ? ನಾನು ಒಂದು ತಿಂಗಳು ಮಾಡಿ ನೋಡಿದೆ. ಮಗ ಪಕ್ಕದ ಮನೆಯಲ್ಲಿ ತಿಂದು ಬರತೊಡಗಿದ. ಇದು ನಮ್ಮ ಮನೆಯ ವಿಶೇಷ ಏನಲ್ಲ. ಅಮೆರಿಕದ ಜೆನಿಫರ್ ಫಿಷರ್ ಮತ್ತು ಲಿಯಾನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣೆದುರಿಗೇ ಇಟ್ಟು ಮುಟ್ಟಬೇಡಿ ಅಂದ ತಿನಿಸಿನ ಮೇಲೆ ಮಕ್ಕಳ ಗಮನ, ಆಸೆ ಎರಡೂ ಜಾಸ್ತಿಯಾದವು. ಬೇಡ ಅಂದಷ್ಟೂ ಬೇಕು ಅನಿಸುತ್ತದೆ.

ಸ್ವೀಡನ್ನಿನವರು ಬೇರೆ ದಾರಿ ಹಿಡಿದರು, ಅದರ ಹಿಂದಿನ ಕತೆ ಮಾತ್ರ ನೋವಿನದು. 1940ರ ದಶಕದಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಅನ್ನುವ, ಬೌದ್ಧಿಕ ನ್ಯೂನತೆ ಇರುವವರ ಆಸ್ಪತ್ರೆಯಲ್ಲಿ, ಒಪ್ಪಿಗೆ ಕೊಡಲಾಗದ ರೋಗಿಗಳಿಗೆ ಹಲ್ಲಿಗಂಟುವ ಟಾಫಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಅಳೆದರು. ಇವತ್ತು ಯಾರೂ ಒಪ್ಪದ ಕ್ರೂರ ಕೆಲಸ ಅದು. ಸಿಕ್ಕ ಉತ್ತರ ಏನೆಂದರೆ, ಊಟದ ಜೊತೆ ಹೋದ ಸಕ್ಕರೆಗಿಂತ ಊಟಗಳ ನಡುವೆ ಪದೇ ಪದೇ ಬಾಯಾಡಿಸಿದ ಅಂಟು ಸಿಹಿ ಹಲ್ಲನ್ನು ಬಹಳ ಜಾಸ್ತಿ ಕೆಡಿಸಿತ್ತು. ಅಲ್ಲಿಂದ ಮಕ್ಕಳಿಗೆ ಸಿಹಿ ಶನಿವಾರ ಮಾತ್ರ ಅನ್ನುವ ಪದ್ಧತಿ ಬಂತು. ಇವತ್ತಿಗೂ ಅಲ್ಲಿನ ಮಕ್ಕಳಿಗೆ ಶನಿವಾರ ಅಂದರೆ ಮಿಠಾಯಿ ದಿನ. ಹಲ್ಲಿಗಾಗಿ ಶುರುವಾದದ್ದು ನಿಜ, ಆದರೆ ಸಿಹಿಗೆ ಒಂದು ಹೊತ್ತು ಕೊಟ್ಟರಲ್ಲ, ನನಗೆ ಅದು ನಮ್ಮ ಪಂಚಾಂಗದ ಬೇಲಿಯ ಹಾಗೇ ಕಂಡಿತು.

ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ ಸಕ್ಕರೆ ರೇಷನ್ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮುಗಿದದ್ದೇ ತಡ, ಜನ ತಿನ್ನುವ ಸಕ್ಕರೆ ದಿನಕ್ಕೆ ಸುಮಾರು 40 ಗ್ರಾಂನಿಂದ 80 ಗ್ರಾಂ ಹತ್ತಿರಕ್ಕೆ ಹೋಯಿತು. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಮೊದಲ ಸಾವಿರ ದಿನ ರೇಷನ್ನಿನಲ್ಲೇ ಕಳೆದ ಮಕ್ಕಳನ್ನೂ, ರೇಷನ್ ಹೋದ ಮೇಲೆ ಹುಟ್ಟಿದವರನ್ನೂ ಹೋಲಿಸಿ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲೇಖನ ಬಂತು. ರೇಷನ್ನಿನ ಮಕ್ಕಳಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ 35ರಷ್ಟು ಕಡಿಮೆ ಇತ್ತು, ರಕ್ತದೊತ್ತಡದ ಅಪಾಯ ಶೇ 20ರಷ್ಟು ಕಡಿಮೆ. ಎಪ್ಪತ್ತು ವರ್ಷ ಹಿಂದಿನ ಸಕ್ಕರೆ ಡಬ್ಬಿಯ ಲೆಕ್ಕ ಇವತ್ತಿನ ಮೈಯಲ್ಲಿದೆ. ಆರು ತಿಂಗಳ ಮಗುವಿನ ರಾಗಿ ಸರಿಗೆ 'ರುಚಿಗೆ' ಅಂತ ಸಕ್ಕರೆ ಹಾಕುವ ಮುಂಚೆ ಇದನ್ನು ನೆನೆಯಬೇಕು.

ಸರ್ಕಾರ ಏನು ಮಾಡುತ್ತಿದೆ? 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಬಣ್ಣ ಹೋಯಿತು, ಎಣ್ಣೆ ಮತ್ತು ಸಕ್ಕರೆ ಉಳಿದವು. 2020ರ ಕೇಂದ್ರದ ನಿಯಮದ ಪ್ರಕಾರ ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರುವಂತಿಲ್ಲ. ನಿಮ್ಮ ಮಕ್ಕಳ ಶಾಲೆಯ ಗೇಟಿನ ಮುಂದೆ ನಿಂತು ಒಮ್ಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಿಹಿ ತಂಪು ಪಾನೀಯಗಳ ಮೇಲೆ ಜಿಎಸ್‌ಟಿ ಶೇ 40 ಆಯಿತು, ಸರಿ. ಅದೇ ದಿನ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮುಗಳ ತೆರಿಗೆ ಶೇ 18ರಿಂದ 5ಕ್ಕೆ, ಕುರುಕಲಿನದು ಶೇ 12ರಿಂದ 5ಕ್ಕೆ ಇಳಿಯಿತು. ಮನೆ ಖರ್ಚು ನೋಡುವವಳಾಗಿ ಬೆಲೆ ಇಳಿದದ್ದು ಬೇಡ ಅನ್ನಲಾರೆ. ಆದರೆ ಒಂದು ಕೈಯಲ್ಲಿ ಶಾಲೆಗೆ ಸಕ್ಕರೆ ಫಲಕ, ಇನ್ನೊಂದು ಕೈಯಲ್ಲಿ ಅಗ್ಗದ ಕ್ರೀಮ್ ಬಿಸ್ಕತ್ತು, ಇದು ಹೊಂದಿಕೆ ಆಗುವುದಿಲ್ಲ.

ಪ್ಯಾಕೆಟ್ಟಿನ ಮುಖದ ಮೇಲೇ ದೊಡ್ಡದಾಗಿ ಎಚ್ಚರಿಕೆ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚಿಲಿ ದೇಶ 2016ರಿಂದ ಹಾಗೆ ಮಾಡುತ್ತಿದೆ. ಕಪ್ಪು ಬಣ್ಣದ ಎಂಟು ಮೂಲೆಯ ಗುರುತಿನಲ್ಲಿ 'ಸಕ್ಕರೆ ಜಾಸ್ತಿ' ಅಂತ ಬರೆದಿರುತ್ತದೆ. ಓದಲು ಬಾರದ ಮಗುವಿಗೂ ಆ ಕಪ್ಪು ಗುರುತು ಗೊತ್ತಾಗುತ್ತದೆ. ನಮ್ಮಲ್ಲಿ 2022ರಲ್ಲಿ, ಪ್ಯಾಕೆಟ್ಟಿನ ಮೇಲೆ ತಿನಿಸಿಗೆ ನಕ್ಷತ್ರ ಕೊಡುವ ಕರಡು ನಿಯಮ ಬಂತು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ತೀರ್ಮಾನಿಸಿ ಅಂದಿತು, ಜುಲೈನಲ್ಲಿ ಮತ್ತೆ ಮೂರು ತಿಂಗಳು ಕೊಡಬೇಕಾಯಿತು. ನಕ್ಷತ್ರ ಅಂದರೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಟೀಚರ್ ಕೊಡುವ ಬಹುಮಾನ. ಬಿಸ್ಕತ್ತಿನ ಮೇಲೆ ಒಂದೂವರೆ ನಕ್ಷತ್ರ ನೋಡಿದ ಮಗು ಅದನ್ನು ಎಚ್ಚರಿಕೆ ಅಂದುಕೊಳ್ಳುತ್ತದೆಯೇ?

ನಮ್ಮ ಮನೆಯಲ್ಲಿ ಮಾಡಿಕೊಂಡದ್ದು ಸಣ್ಣದು. ಮಿಕ್ಸ್ಚರ್ ಡಬ್ಬಿ ಒಲೆಯ ಪಕ್ಕದಿಂದ ಮೇಲಿನ ಕಪಾಟಿಗೆ ಹೋಯಿತು. ತಿನ್ನಬೇಕೆಂದರೆ ಬಟ್ಟಲಿಗೆ ಹಾಕಿಕೊಂಡು, ಕೂತು ತಿನ್ನಬೇಕು. ಸಂಜೆ ಐದಕ್ಕೆ ಒಂದು ಸಲ ತಿಂಡಿ: ಕೆಲವು ದಿನ ಉಸ್ಲಿ, ಕೆಲವು ದಿನ ಮಂಡಕ್ಕಿ, ಭಾನುವಾರ ಬೇಕಾದರೆ ಬಜ್ಜಿ. ಸಿಹಿ ಭಾನುವಾರ ಮತ್ತು ಹಬ್ಬಕ್ಕೆ. ಆಫೀಸಿನಲ್ಲಿ ಕೇಕು ಬಂದರೆ ಒಂದು ಚೂರು ಮುರಿದು ಬಾಯಿಗೆ ಹಾಕಿ, ಹುಟ್ಟುಹಬ್ಬದವರಿಗೆ ಶುಭ ಹೇಳಿ ಬರುತ್ತೇನೆ. ಕಾಫಿಯ ಸಕ್ಕರೆ ಎರಡು ಚಮಚದಿಂದ ಒಂದೂವರೆ, ಆಮೇಲೆ ಒಂದು, ಈಗ ಅರ್ಧ. ಮೊದಲ ಎರಡು ವಾರ ಕಷ್ಟ ಆಯಿತು. ಮೂರನೆಯ ವಾರ ನಾಲಿಗೆ ಒಗ್ಗಿಕೊಂಡಿತು. ಎರಡು ವರ್ಷದಲ್ಲಿ ಐದು ಕೆಜಿ ಇಳಿದಿದ್ದೇನೆ, ಉಳಿದ ನಾಲ್ಕು ಹಾಗೇ ಇದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮ ಎಂದಿನಂತೆ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಯಾಕೇ, ಚೆನ್ನಾಗಿಲ್ವಾ?"

"ಸಿಹಿ ಜಾಸ್ತಿ ಆಯ್ತಮ್ಮ."

"ಯಾವಾಗ್ಲೂ ಹಾಕೋ ಅಷ್ಟೇ ಹಾಕಿದ್ದು ಕಣೇ." ಅವಳ ಮುಖ ಸ್ವಲ್ಪ ಸಪ್ಪಗಾಯಿತು. ಆ ಲೋಟ ಪೂರ್ತಿ ಕುಡಿದೆ. ಮರುದಿನ ಬೆಳಿಗ್ಗೆ ಸಕ್ಕರೆ ಹಾಕದ ಕಾಫಿ ತಂದಿಟ್ಟು, ಪಕ್ಕದಲ್ಲಿ ಡಬ್ಬಿ ಮತ್ತು ಚಮಚ ಇಟ್ಟು ಹೋದಳು.